ಎತ್ತು ಕಟ್ಟಿದ ಕಲ್ಲು, ಕಪ್ಪು ಕೋಟೆ

"ಇಲ್ಲಿ ವರ್ಷಕ್ಕೆ ಎಷ್ಟು ಇಂಚು ಮಳೆ ಬರ್ತದೆ ಮಗ?"

ಜಪಾನಿನ ಮತ್ಸುಮೊಟೊ ಸ್ಟೇಷನ್ನಲ್ಲಿ ಇಳಿದು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ, ಅಮ್ಮ ತಮ್ಮನ ಹತ್ರ ಕೇಳಿದ ಮೊದಲ ಪ್ರಶ್ನೆ ಇದು. ಪ್ಲಾಟ್‌ಫಾರ್ಮ್ ಸ್ಪೀಕರಲ್ಲಿ ಒಬ್ಬ ಹೆಂಗಸಿನ ದನಿ "ಮತ್ಸುಮೊತೋ... ಮತ್ಸುಮೊತೋ..." ಅಂತ ಊರಿನ ಹೆಸರನ್ನ ರಾಗವಾಗಿ ಎಳೀತಾ ಇತ್ತು, ಮಕ್ಕಳನ್ನ ಊಟಕ್ಕೆ ಕರೆದ ಹಾಗೆ. ತಮ್ಮ ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು, ಬನ್ನಿ ಬನ್ನಿ ಅಂತ ಕರೀತಾನೇ ಇದ್ದ, ಈ ಸಲ ಕಾಫಿ ಕೊಯ್ಲು ಮುಗಿದು ಕಾಳುಮೆಣಸೂ ಒಣಗಿ ಚೀಲ ಸೇರಿದ ಮೇಲೆ ಏಪ್ರಿಲ್ ಕೊನೇಲಿ ಅಂತೂ ನಾನೂ ಅಮ್ಮನೂ ಹೊರಟ್ವಿ. ಟೋಕಿಯೋದಿಂದ ರೈಲಲ್ಲಿ ಎರಡೂವರೆ ಗಂಟೆ ದಾರಿ. ರೈಲಿನ ಹೆಸರು ಅಜುಸಾ, ಅಲ್ಲಿ ಹರಿಯೋ ನದಿಯ ಹೆಸರು.

ತಮ್ಮ ಫೋನ್ ನೋಡಿ ಹೇಳಿದ, ಸುಮಾರು 1000 ಮಿಲಿಮೀಟರ್. ಅಂದ್ರೆ 40 ಇಂಚು. ಮಡಿಕೇರಿ ಕಡೆ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯೋದುಂಟು. ಅಮ್ಮನಿಗೆ ಆ ಊರಿನ ಮೇಲೆ ಪಾಪ ಅನ್ನಿಸಿಬಿಟ್ಟಿತು. "ಹಾಗಾದ್ರೆ ಗದ್ದೆಗೆ ನೀರಿಗೆ ಏನು ಮಾಡ್ತಾರೋ?"

ಅದಕ್ಕೆ ಉತ್ತರ ಸ್ಟೇಷನ್ನಿಂದ ಪಶ್ಚಿಮಕ್ಕೆ ನೋಡಿದ್ರೇ ಸಿಕ್ತದೆ. ಬೆಟ್ಟ ಅಂದ್ರೆ ಸಾಲು ಸಾಲು ಬೆಟ್ಟ, ಏಪ್ರಿಲ್ ಮುಗೀತಾ ಬಂದ್ರೂ ತಲೆ ತುಂಬ ಹಿಮ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1748 ಮೀಟರ್, ಇಲ್ಲಿಯ ಹೊತಕ 3190 ಮೀಟರ್, ಜಪಾನಿನಲ್ಲೇ ಮೂರನೇ ಎತ್ತರದ್ದು. ಮಳೆಗಾಲದಲ್ಲಿ ನಮಗೆ ಒಟ್ಟಿಗೆ ಬಂದು ಬೀಳೋದು ಅವರಿಗೆ ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮವಾಗಿ ಕೂತ್ಕೊಂಡು, ಗದ್ದೆ ಕೆಲಸ ಶುರುವಾಗೋ ಹೊತ್ತಿಗೆ ಸರಿಯಾಗಿ ಕರಗಿ ಇಳೀತದೆ.

ಊರು ಇರೋದು ಬೋಗುಣಿ ತರದ ಜಾಗದಲ್ಲಿ, ಸಮುದ್ರ ಮಟ್ಟದಿಂದ 590 ಮೀಟರ್ ಆಸುಪಾಸು, ಅಂದ್ರೆ ಮಡಿಕೇರಿಯ ಅರ್ಧ ಎತ್ತರ. ಇತೊಯಿಗಾವ ಶಿಜುಒಕ ಅಂತ ಜಪಾನಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದೊಡ್ಡ ಭೂಬಿರುಕು ಹಾದುಹೋಗ್ತದೆ, ಅದರ ಗುಂಟ ಒಂದು ಕಡೆ ನೆಲ ಎದ್ದು ಬೆಟ್ಟವಾಗಿ ಇನ್ನೊಂದು ಕಡೆ ತಗ್ಗಾಗಿ, ಆ ತಗ್ಗಿಗೆ ನದಿಗಳು ಸಾವಿರಾರು ವರ್ಷದಿಂದ ಕಲ್ಲು ಮರಳು ತಂದು ಸುರಿದಿವೆ. ಬೆಟ್ಟದಿಂದ ಇಳಿದ ನೀರು ಆ ಕಲ್ಲು ಮರಳಿನೊಳಗೆ ಇಂಗಿ, ಇಳಿಜಾರು ಮುಗಿಯೋ ಕಡೆ ಮತ್ತೆ ಮೇಲೆ ಉಕ್ಕುತ್ತದೆ, ಹಾಗೆ ಉಕ್ಕೋ ಜಾಗ ಊರಿನ ಮಧ್ಯವೇ! ಪೇಟೆ ಬೀದಿಯಲ್ಲಿ ನಡ್ಕೊಂಡು ಹೋಗ್ತಾ ಇದ್ರೆ ಅಲ್ಲಲ್ಲಿ ಒರತೆ, ಬಾವಿ. ಗೆಂಚಿ ಅನ್ನೋ ಹಳೇ ಬಾವಿ ಹತ್ರ ಹೋದಾಗ ಒಬ್ಬರು ವಯಸ್ಸಾದ ಹೆಂಗಸು ಸೈಕಲ್ ಬುಟ್ಟಿ ತುಂಬ ಖಾಲಿ ಬಾಟಲಿ ತಂದು ಒಂದೊಂದೇ ತುಂಬಿಸ್ತಾ ಇದ್ರು. ಅಮ್ಮನ್ನ ನೋಡಿ ಪಕ್ಕಕ್ಕೆ ಸರಿದು ಬಗ್ಗಿ ನಮಸ್ಕಾರ ಮಾಡಿ ಜಾಗ ಬಿಟ್ರು. ಅಮ್ಮ ಬೊಗಸೆಯಲ್ಲಿ ಹಿಡಿದು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು "ನಮ್ಮ ಗದ್ದೆ ಮೇಲಿನ ಒರತೆ ನೀರಿನ ಹಾಗೇ ಇದೆ" ಅಂದ್ರು. ಆ ಒರತೆ 2018ರ ಆಗಸ್ಟಲ್ಲಿ ಬರೆ ಜಾರಿದಾಗ ಮಣ್ಣಡಿಗೆ ಹೋಯ್ತು, ಆಮೇಲೆ ಅದರ ಸುದ್ದಿ ಅಮ್ಮ ಎತ್ತಿದ್ದು ನಾನು ಕೇಳಿದ್ದು ಅವತ್ತೇ.

ಬೆಟ್ಟ ಜಾರೋದು ಅವರಿಗೂ ಹೊಸದಲ್ಲ. 2005ರಲ್ಲೂ 2010ರಲ್ಲೂ ಸುತ್ತಲಿನ ಹಳ್ಳಿಗಳನ್ನ ಸೇರಿಸಿಕೊಂಡ ಮೇಲೆ ಈ ನಗರದ ವಿಸ್ತೀರ್ಣ ಸುಮಾರು 978 ಚದರ ಕಿಲೋಮೀಟರ್, ನಮ್ಮ ಕೊಡಗು ಜಿಲ್ಲೆಯ ಕಾಲು ಭಾಗದ ಹತ್ರ, ಜನ ಮಾತ್ರ ಸುಮಾರು 2.4 ಲಕ್ಷ. ಹಾಗಾಗಿ ಕಮಿಕೊಚಿ ಅನ್ನೋ ಬೆಟ್ಟದ ಕಣಿವೆ ಕೂಡ ಲೆಕ್ಕಕ್ಕೆ ನಗರದೊಳಗೇ. ಅಲ್ಲಿಗೆ ಸ್ವಂತ ಕಾರು ಬಿಡಲ್ಲ, ಕೆಳಗೇ ನಿಲ್ಲಿಸಿ ಬಸ್ಸಲ್ಲೋ ಟ್ಯಾಕ್ಸಿಯಲ್ಲೋ ಹೋಗ್ಬೇಕು. (ರಜೆ ದಿನ ತಲಕಾವೇರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದು ಎಂಥಾ ದೊಡ್ಡ ವಿಷಯ ಅಂತ ಗೊತ್ತಾಗ್ತದೆ.) ಅಲ್ಲಿ ತೈಶೊ ಅಂತ ಒಂದು ಕೊಳ. 1915ರಲ್ಲಿ ಪಕ್ಕದ ಯಾಕೆದಕೆ ಜ್ವಾಲಾಮುಖಿ ಸಿಡಿದು ಕೆಸರು ಕಲ್ಲು ಬಂದು ಅಜುಸಾ ನದಿಗೆ ಅಡ್ಡ ಬಿದ್ದು ನೀರು ನಿಂತು ಆದದ್ದು. ಆಗ ಮುಳುಗಿದ ಮರಗಳ ಒಣ ಕಾಂಡ ಕೆಲವು ಇನ್ನೂ ನೀರೊಳಗೆ ನೆಟ್ಟಗೆ ನಿಂತಿವೆ. ಅಜುಸಾ ಅಲ್ಲಿಂದ ಇಳಿದು ನರಾಯಿ ನದಿ ಜೊತೆ ಸೇರಿ ಸಾಯಿ ಅಂತ ಆಗ್ತದೆ, ಆಮೇಲೆ ಚಿಕುಮ, ಕೊನೆಗೆ ಶಿನಾನೊ ಅಂತ ಹೆಸರಲ್ಲಿ ಜಪಾನ್ ಸಮುದ್ರಕ್ಕೆ, 367 ಕಿಲೋಮೀಟರ್, ದೇಶದಲ್ಲೇ ಉದ್ದದ ನದಿ. ಹುಟ್ಟಿದ ಕಡೆ ದಾಟಿ ಹಾರಬಹುದಾದ ನೀರು ಮುಂದೆ ಬೇರೆಯವರ ಊರಿನ ದೊಡ್ಡ ನದಿ ಆಗೋದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೋಟೆಗೆ ಬರ್ತೀನಿ, ಈ ಪೋಸ್ಟ್ ಬರೆಯೋಕೆ ಕೂತಿದ್ದೇ ಅದಕ್ಕೋಸ್ಕರ.

ಜಪಾನಿನ ಕೋಟೆ ಅಂದ್ರೆ ನಮಗೆ ಕಣ್ಣಿಗೆ ಬರೋದು ಗುಡ್ಡದ ಮೇಲಿನ ಬಿಳಿ ಗೋಪುರ. ಇದು ಹಾಗಲ್ಲ, ಸಮತಟ್ಟು ನೆಲದಲ್ಲಿ, ಸುತ್ತ ನೀರು ತುಂಬಿದ ಕಂದಕ, ಮಧ್ಯದಲ್ಲಿ ಕಪ್ಪಗೆ ಹೊಳೆಯೋ ಮರದ ಹಲಗೆಯ ಗೋಪುರ. ಒಂದು ಜಾತಿ ಮರದ ಹಾಲಿನಿಂದ ಮಾಡಿದ ಕಪ್ಪು ಅರಗು ಬಳಿದಿರೋದ್ರಿಂದ ಆ ಬಣ್ಣ, ಈಗಲೂ ಪ್ರತಿ ವರ್ಷ ಹೊಸದಾಗಿ ಬಳೀತಾರಂತೆ. 1504ರ ಕಾಲಕ್ಕೆ ಇಲ್ಲಿ ಫುಕಾಶಿ ಅಂತ ಚಿಕ್ಕ ಕೋಟೆ ಇತ್ತು, 1590ರಲ್ಲಿ ಇಶಿಕಾವ ಕಜುಮಸ ಅನ್ನೋ ಒಡೆಯ ಬಂದ, ಅವನೂ ಅವನ ಮಗ ಯಸುನಗನೂ ಸೇರಿ 1593-94ರ ಹೊತ್ತಿಗೆ ಈ ದೊಡ್ಡ ಗೋಪುರ ಎಬ್ಬಿಸಿದ್ರು ಅಂತ ಹೇಳ್ತಾರೆ. ಹೊರಗಿಂದ ಎಣಿಸಿದ್ರೆ ಐದು ಅಂತಸ್ತು, ಒಳಗೆ ಆರು. ಒಂದು ಅಂತಸ್ತು ಹೊರಗೆ ಕಾಣದ ಹಾಗೆ ಮಾಡಿನ ಹಿಂದೆ ಅಡಗಿಸಿದ್ದಾರೆ, ಅದಕ್ಕೆ ಕಿಟಕಿಯೇ ಇಲ್ಲ, ಕತ್ತಲೆ.

ಬಾಗಿಲಲ್ಲಿ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಲಿ ಹಿಡ್ಕೊಂಡೇ ಹತ್ತಬೇಕು. ಮೆಟ್ಟಿಲು ಅಂತಾರೆ, ನಿಜವಾಗಿ ಅದು ನಮ್ಮ ಹಳೇ ಮನೆ ಅಟ್ಟಕ್ಕೆ ಇಟ್ಟ ಏಣಿ, ಒಂದು ಕಡೆಯಂತೂ 61 ಡಿಗ್ರಿ ಕಡಿದು. ಅಮ್ಮನಿಗೆ 66 ವರ್ಷ, ಮೊಣಕಾಲು ನೋವು ಬೇರೆ, ಬೇಡ ಕೆಳಗೆ ಕೂತ್ಕೊಳ್ಳಿ ಅಂದ್ರೆ ಕೇಳಲಿಲ್ಲ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕವರ್ ನನ್ನ ಕೈಗೆ ಕೊಟ್ಟು ಎರಡೂ ಕೈಲಿ ಕಂಬಿ ಹಿಡಿದು ಹತ್ತೇಬಿಟ್ರು, ನಾಲ್ಕು ಶತಮಾನದ ಕಾಲುಗಳು ಸವೆಸಿದ ಹಲಗೆ ಕಾಲಡಿಗೆ ಎಣ್ಣೆ ಹಚ್ಚಿದ ಹಾಗೆ ನುಣುಪು. ಒಳಗೆ ಸಾಲಾಗಿ ಹಳೇ ಕೋವಿಗಳನ್ನ ಇಟ್ಟಿದ್ದಾರೆ, ಬತ್ತಿ ಹಚ್ಚಿ ಹೊಡೆಯೋ ಕಾಲದವು. ಈ ಕೋಟೆ ಕಟ್ಟಿದ್ದೇ ಕೋವಿ ಯುದ್ಧಕ್ಕೆ, ಗೋಡೆಯ ತುಂಬ ಕೋವಿ ತೂರಿಸೋ ಕಿಂಡಿ. ಕೈಲ್ ಪೊಳ್ದ್‌ಗೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡೋ ಊರಿಂದ ಹೋದವರು ನಾವು, ಆ ಗಾಜಿನ ಪೆಟ್ಟಿಗೆಗಳ ಮುಂದಿನಿಂದ ತಮ್ಮನನ್ನ ಕದಲಿಸೋಕೆ ಅರ್ಧ ಗಂಟೆ ಬೇಕಾಯ್ತು.

ಕೊನೇ ಅಂತಸ್ತಿನಲ್ಲಿ ತಲೆ ಎತ್ತಿ ನೋಡಿದ್ರೆ ತೊಲೆಗಳ ಮಧ್ಯೆ ಒಂದು ಪುಟ್ಟ ಗುಡಿ. 1618ರಲ್ಲಿ ಕಾವಲಿಗಿದ್ದ ಒಬ್ಬ ಯುವಕನಿಗೆ ರಾತ್ರಿ ದೇವತೆ ಕಾಣಿಸ್ಕೊಂಡು, ತಿಂಗಳ 26ನೇ ರಾತ್ರಿ ನನಗೆ ಅಕ್ಕಿ ಇಟ್ಟು ಪೂಜೆ ಮಾಡಿದ್ರೆ ಕೋಟೆ ಕಾಯ್ತೀನಿ ಅಂದಳಂತೆ. ತಮ್ಮ ಇದನ್ನ ಹೇಳಿ ಮುಗಿಸೋ ಮೊದಲೇ ಅಮ್ಮ ಕೈ ಮುಗಿದಾಗಿತ್ತು.

ಆದ್ರೆ ಕೋಟೆಯನ್ನ ಕಾದವರಲ್ಲಿ ಮನುಷ್ಯರೂ ಇದ್ದಾರೆ, ಅವರ ಕಥೆಯೇ ನನಗೆ ತಲೆಯಲ್ಲಿ ಕೂತದ್ದು. ಸಮುರಾಯಿ ಕಾಲ ಮುಗಿದು ಹೊಸ ಸರ್ಕಾರ ಬಂದಾಗ ಕೋಟೆಗಳು ಯಾರಿಗೂ ಬೇಡವಾದ್ವು, 1872ರಲ್ಲಿ ಈ ಗೋಪುರವನ್ನ ಹರಾಜಿಗೆ ಹಾಕಿದ್ರು, ಕೊಂಡವನು ಕೆಡವಿ ಮರ ಕಬ್ಬಿಣ ಮಾರಿಕೊಳ್ಳೋದು ಅಂತ ಲೆಕ್ಕ. ಆಗ ಇಚಿಕಾವ ರ್ಯೋಜೊ ಅಂತ ಒಬ್ಬ ಊರಿನ ಮುಖಂಡ, ಪತ್ರಿಕೆ ಕೂಡ ನಡೆಸ್ತಿದ್ದ, ರಾಜ ಅಲ್ಲ ಸಮುರಾಯಿ ಅಲ್ಲ, ಕೆಡವೋದನ್ನ ಸ್ವಲ್ಪ ಕಾಲ ತಡೀರಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿ, 1873ರಿಂದ ಅದೇ ಗೋಪುರದೊಳಗೆ ವಸ್ತುಪ್ರದರ್ಶನ ಏರ್ಪಡಿಸಿ, ಟಿಕೆಟ್ ದುಡ್ಡು ಒಟ್ಟು ಮಾಡಿ ಕೋಟೆಯನ್ನ ವಾಪಸ್ ಕೊಳ್ಳೋ ಹಾಗೆ ಮಾಡಿದ. ಅದುವರೆಗೆ ಊರಿನ ಸಾಮಾನ್ಯರು ಆ ಗೋಪುರದೊಳಗೆ ಕಾಲಿಟ್ಟವರೇ ಅಲ್ಲ, ಮೊದಲ ಸಲ ಒಳಗೆ ಹೋಗಿ ನೋಡಿದ್ರು.

ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ಮೂವತ್ತು ವರ್ಷದಲ್ಲಿ ನೆಲದೊಳಗಿನ ಮರದ ಕಂಬಗಳು ಕೊಳೆತು ಗೋಪುರ ಒಂದು ಕಡೆ ವಾಲಿತು, ವಾಲಿದ ಫೋಟೋ ಕೂಡ ಇದೆ, ನೋಡಿದ್ರೆ ಭಯ ಆಗ್ತದೆ. ಆ ಹೊತ್ತಿಗೆ ಕೋಟೆಯ ಒಳ ಅಂಗಳ ಪಕ್ಕದ ಶಾಲೆಯ ಆಟದ ಮೈದಾನ ಆಗಿತ್ತು. ಆ ಶಾಲೆಯ ಹೆಡ್‌ಮಾಸ್ಟರ್ ಕೊಬಯಾಶಿ ಉನರಿ ಸಂಘ ಕಟ್ಟಿ, ಚಂದಾ ಎತ್ತಿ, 1903ರಿಂದ 1913ರವರೆಗೆ ರಿಪೇರಿ ಮಾಡಿಸಿದ್ರು. ಆಮೇಲೆ 1950ರಿಂದ 1955ರವರೆಗೆ ಸರ್ಕಾರ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿತು, ಇವತ್ತು ಅದು ರಾಷ್ಟ್ರೀಯ ಸಂಪತ್ತು. ಒಂದು ಪತ್ರಿಕೆಯವನು, ಒಬ್ಬರು ಮೇಷ್ಟ್ರು! ಇದೇ ಊರಿನಲ್ಲಿ 1876ರಲ್ಲಿ ಕಟ್ಟಿದ ಕೈಚಿ ಶಾಲೆ ಇದೆ, ಅದರ ಖರ್ಚಿನ ದೊಡ್ಡ ಪಾಲು ಕೊಟ್ಟದ್ದೂ ಊರಿನವರೇ.

ಕೋಟೆ ವಾಲಿದ್ದಕ್ಕೆ ಜನ ಬೇರೆ ಕಾರಣ ಹೇಳ್ತಾರೆ. 1686ರಲ್ಲಿ ಕಂದಾಯದ ಅಕ್ಕಿ ಜಾಸ್ತಿ ಆಯ್ತು ಅಂತ ಸಾವಿರಾರು ರೈತರು ಕೋಟೆ ಮುಂದೆ ಬಂದು ನಿಂತ್ರು. ತಾದ ಕಸುಕೆ ಅವರ ಮುಂದಾಳು. ಆಯ್ತು ಇಳಿಸ್ತೀವಿ ಅಂತ ಮಾತು ಕೊಟ್ಟು ಮನೆಗೆ ಕಳಿಸಿ, ಆಮೇಲೆ ಮುಂದಾಳುಗಳನ್ನೂ ಅವರ ಮನೆಯವರನ್ನೂ ಹಿಡಿದು 28 ಜನರನ್ನ ಕೊಂದ್ರು. ಸಾಯೋ ಮೊದಲು ಕಸುಕೆ ಕೋಟೆಯನ್ನ ದಿಟ್ಟಿಸಿ ನೋಡಿದ, ಆ ನೋಟಕ್ಕೆ ಗೋಪುರ ವಾಲಿತು ಅಂತ ಕಥೆ. ಇದನ್ನ ಕೇಳ್ತಾ ನನಗೆ ಕಣ್ಣಮುಂದೆ ಬಂದದ್ದು ಮಡಿಕೇರಿ ಕೋಟೆ. 1837ರ ಅಮರ ಸುಳ್ಯ ದಂಗೆ, ಕಂದಾಯವನ್ನ ನಗದಿನಲ್ಲೇ ಕಟ್ಟಿ ಅಂತ ಕಂಪನಿ ಸರ್ಕಾರ ಹಠ ಹಿಡಿದದ್ದಕ್ಕೆ ರೈತರು ಎದ್ದದ್ದು, ಗುಡ್ಡೆಮನೆ ಅಪ್ಪಯ್ಯಗೌಡರನ್ನ ನಮ್ಮ ಕೋಟೆಯ ಹತ್ರವೇ ಗಲ್ಲಿಗೆ ಹಾಕಿದ್ದು. ಶಾಲೆಯಲ್ಲಿದ್ದಾಗ ಕೋಟೆಗೆ ಪ್ರವಾಸ ಕರ್ಕೊಂಡು ಹೋದ್ರೂ ನಮಗೆ ಯಾರೂ ಆ ಜಾಗ ತೋರಿಸಿ ಹೇಳಲಿಲ್ಲ, ಎರಡು ಗಾರೆ ಆನೆ ನೋಡಿ ಐಸ್‌ಕ್ಯಾಂಡಿ ತಿಂದು ಬಂದ್ವಿ. ಮುದ್ದುರಾಜ 1681ರಲ್ಲಿ ರಾಜಧಾನಿ ಮಾಡಿದ ಜಾಗ ಅದು, ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ ಗೋಡೆ, ಲಿಂಗರಾಜೇಂದ್ರ 1812-14ರಲ್ಲಿ ಕಟ್ಟಿಸಿದ ಅರಮನೆ, ಆ ಅರಮನೆಯ ಮಾಡು ಸೋರ್ತದೆ ಅಂತ ಪ್ಲಾಸ್ಟಿಕ್ ಹೊದಿಸಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ನಾನೂ ನೋಡಿ ಮನೆಗೆ ಬಂದೆ, ಒಂದು ಅರ್ಜಿ ಬರೆಯೋಣ ಅಂತ ಯಾಕೆ ತೋಚಲಿಲ್ಲ ಅಂತ ಮತ್ಸುಮೊಟೊ ಕಂದಕದ ದಂಡೆಯಲ್ಲಿ ಕೂತು ತುಂಬ ಹೊತ್ತು ಯೋಚಿಸಿದೆ. ಈಗ ಬರೆದಿದ್ದೀನಿ. ಗೆಳೆಯರು ಹದಿನಾರು ಜನ ಸೈನ್ ಹಾಕಿದ್ದಾರೆ, ಓದ್ತಿರೋ ಮಡಿಕೇರಿಯವರು ಯಾರಾದ್ರೂ ಸೇರೋದಾದ್ರೆ ಹೇಳಿ.

ಊರು ಬಿಡೋ ಹಿಂದಿನ ಸಂಜೆ ತಮ್ಮ ಪೇಟೆಯ ಒಂದು ಮೂಲೆಗೆ ಕರ್ಕೊಂಡು ಹೋದ. ರಸ್ತೆ ಬದಿಯಲ್ಲಿ ಒಂದು ಸಾದಾ ಕಲ್ಲು, ಅದಕ್ಕೆ ಹುಲ್ಲಿನ ಹಗ್ಗ ಸುತ್ತಿದ್ದಾರೆ. ಎತ್ತು ಕಟ್ಟಿದ ಕಲ್ಲು ಅಂತ ಅದರ ಹೆಸರು. ಸುತ್ತ ಬೆಟ್ಟ ಇರೋ ಈ ಊರಿಗೆ ಉಪ್ಪು ಬರ್ತಿದ್ದದ್ದು ಸಮುದ್ರದ ಕಡೆಯಿಂದ, ಉತ್ತರದ ಇತೊಯಿಗಾವದಿಂದ ಸುಮಾರು 120 ಕಿಲೋಮೀಟರ್ ಎತ್ತಿನ ಮೇಲೆ, ಹಿಮದಲ್ಲಿ ಎತ್ತು ನಡೆಯದಾಗ ಮನುಷ್ಯರ ಬೆನ್ನ ಮೇಲೆ. 1560ರ ದಶಕದಲ್ಲಿ ಇಲ್ಲಿ ಆಳ್ತಿದ್ದ ತಕೆದ ಶಿಂಗೆನ್‌ಗೆ ದಕ್ಷಿಣದ ಒಡೆಯರು ಉಪ್ಪು ಬರದ ಹಾಗೆ ತಡೆದಾಗ, ಅವನ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿದ್ದ ಉತ್ತರದ ಉಎಸುಗಿ ಕೆನ್‌ಶಿನ್, ಜಗಳ ಕತ್ತಿಯಲ್ಲಿ ಇರಲಿ ಉಪ್ಪಿನಲ್ಲಿ ಬೇಡ ಅಂತ ಉಪ್ಪು ಕಳಿಸಿದ ಅನ್ನೋದು ಜನರ ಬಾಯಲ್ಲಿರೋ ಕಥೆ. ಆ ಉಪ್ಪು ಹೊತ್ತು ಬಂದ ಎತ್ತನ್ನ ಕಟ್ಟಿದ್ದು ಈ ಕಲ್ಲಿಗಂತೆ.

ಅಮ್ಮ ಕಲ್ಲಿನ ಹತ್ರ ಬಗ್ಗಿ ಒಂದು ಸಲ ಸವರಿದ್ರು. "ನಮ್ಮ ಅಜ್ಜನ ಕಾಲದವರೂ ಹೀಗೇ ಅಲ್ವಾ" ಅಂದ್ರು, ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಕಣ್ಣೂರು ಕಡೆ ಹೋಗಿ, ಅಕ್ಕಿ ಕೊಟ್ಟು ಉಪ್ಪು, ಒಣಮೀನು ತಗೊಂಡು ಮಳೆಗಾಲಕ್ಕೆ ಮೊದಲು ವಾಪಸ್ ಬರ್ತಿದ್ರಂತೆ. ಉಪ್ಪಿನ ಮರಿಗೆ (ಮರದ ಪಾತ್ರೆ) ಒಲೆ ಪಕ್ಕ ಇರ್ತಿತ್ತು, ತೇವ ಹಿಡೀಬಾರದು ಅಂತ, ಮಕ್ಕಳಿಗೆ ಅದನ್ನ ಮುಟ್ಟೋಕೆ ಬಿಡ್ತಿರಲಿಲ್ಲ ಅಂತ ಎಲ್ಲ ಆ ರಸ್ತೆ ಮೂಲೆಯಲ್ಲಿ ನಿಂತು ಹೇಳಿದ್ರು, ಇದನ್ನ ಇಷ್ಟು ವರ್ಷದಲ್ಲಿ ನಮ್ಮಿಬ್ಬರಿಗೂ ಹೇಳಿರಲೇ ಇಲ್ಲ.

ಉಪ್ಪು ಬಂದ ದಿನದ ನೆನಪಿಗೆ ಅಲ್ಲಿ ಜನವರಿಯಲ್ಲಿ ಸಂತೆ ನಡೀತದೆ. ಮೊದಲು ಉಪ್ಪಿನ ಸಂತೆ, ಈಗ ಮಿಠಾಯಿ ಸಂತೆ. ಅಮ್ಮನಿಗೆ ಅದನ್ನೂ ನೋಡೋ ಆಸೆ, ಆದ್ರೆ ಜನವರಿ ಅಂದ್ರೆ ಕಣದ ತುಂಬ ಕಾಫಿ, ಆಳುಗಳು ಸಿಗೋದೇ ಕಷ್ಟ, ಮನೆ ಬಿಟ್ಟು ಅಲ್ಲಾಡೋಕಾಗಲ್ಲ. ತಮ್ಮ ಸಂತೆಯಿಂದಲೇ ವಿಡಿಯೋ ಕಾಲ್ ಮಾಡ್ತೀನಿ ಅಂದಿದ್ದಾನೆ. ನಮ್ಮಲ್ಲಿ ಆಗ ಬೆಳಿಗ್ಗೆ ಆರೂವರೆ, ಮಂಜು ಇರ್ತದೆ, ನೆಟ್‌ವರ್ಕ್ ಸಿಗಬೇಕಾದ್ರೆ ಕಣದ ಆ ಕೊನೆಗೆ ಹೋಗಿ ನಿಲ್ಲಬೇಕು.