ಸಿಲ್ವರ್ ಓಕ್ ರೈಬೋಸೋಮ್: ಕಿಂಡಿ ಸಿದ್ಧ, ಪಟ್ಟಿ ಓಡುತ್ತಿದೆ

ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ತೋಟದ ಕೆಲಸ ಕಡಿಮೆ. ಹಾಗಾಗಿ ನಾನು ಮರದಲ್ಲಿ ಮಾಡುತ್ತಿರುವ ರೈಬೋಸೋಮ್ ಮಾಡೆಲ್ ಚೆನ್ನಾಗಿ ಮುಂದೆ ಹೋಗಿದೆ. ರೈಬೋಸೋಮ್ ಅಂದರೆ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ. ಸಿಲ್ವರ್ ಓಕ್ ತುಂಡಿನಲ್ಲಿ ಮೂರೇ ಅಕ್ಷರ ಕಾಣುವಂಥ ಕಿಂಡಿ ಕೊರೆದಾಯಿತು. ಎಂಆರ್‌ಎನ್‌ಎ (ಜೀನ್‌ನ ನಕಲು ಪ್ರತಿ) ಪಟ್ಟಿಯನ್ನು ಅದರೊಳಗೆ ಮೂರು ಮೂರು ಚೌಕ ಎಳೆಯುತ್ತಾ ಹೋಗಬೇಕು. ಮೂರಕ್ಷರದ ಒಂದೊಂದು ಗುಂಪು ಒಂದು ಕೋಡಾನ್; ಪ್ರೋಟೀನಿನ ಸರಕ್ಕೆ ಯಾವ ಅಮೈನೋ ಆಸಿಡ್ ಸೇರಬೇಕು ಎಂದು ಅದು ಹೇಳುತ್ತದೆ. ಎ ಕೆಂಪು, ಯು ಹಳದಿ, ಜಿ ಹಸಿರು, ಸಿ ನೀಲಿ. ಈ ತಂಡಿಯಲ್ಲಿ ಬಣ್ಣ ಒಣಗಿಸುವುದೇ ದೊಡ್ಡ ಪಾಡು. ಪಟ್ಟಿಗಳನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದ್ದೇನೆ. ಪ್ರೋಟೀನಿಗೆ ಹೊಗೆ ವಾಸನೆ ಬಂದರೆ ಬರಲಿ.

ರಕ್ತದ ಹಿಮೋಗ್ಲೋಬಿನ್‌ನ ಒಂದು ಭಾಗಕ್ಕೆ ಸೂಚನೆ ಕೊಡುವ ಬೀಟಾ ಗ್ಲೋಬಿನ್ ಜೀನ್ ಆರಿಸಿಕೊಂಡೆ. ಹತ್ತಿರದ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ರೋಗ) ಇರುವುದು 1952ರಲ್ಲೇ ಗೊತ್ತಾಗಿತ್ತು. ಅದರ ಮೂಲ ಈ ಜೀನ್‌ನಲ್ಲೇ ಇದೆ.

ಆರನೇ ಜಾಗದ ಜಿಎಜಿ ಒಂದರಲ್ಲೇ ಅರ್ಧ ಪಾಠ ಮುಗಿಯುತ್ತದೆ. ಜಿಎಜಿ ಅಂದರೆ ಗ್ಲುಟಾಮಿಕ್ ಆಸಿಡ್. ಕೊನೆಯ ಜಿ ತೆಗೆದು ಎ ಅಂಟಿಸಿದರೂ ಅದೇ ಗ್ಲುಟಾಮಿಕ್ ಆಸಿಡ್. ನಡುವಿನ ಎ ಹೋಗಿ ಯು ಬಂದರೆ ವ್ಯಾಲಿನ್, ಅಂದರೆ ಸಿಕಲ್ ಸೆಲ್. ಮೊದಲ ಜಿ ಜಾಗಕ್ಕೆ ಯು ಹಾಕಿದರೆ ಯುಎಜಿ, ಸ್ಟಾಪ್, ಅಂದರೆ ‘ಇಲ್ಲಿಗೆ ನಿಲ್ಲಿಸು’. 146 ಅಮೈನೋ ಆಸಿಡ್ ಜೋಡಿಸಬೇಕಾದ ಕೆಲಸ ಅಲ್ಲಿಗೇ ಖತಂ.

ಜಾಸ್ತಿ ಮಜಾ ಇರುವುದು ಅಕ್ಷರ ಸೇರಿಸಿದಾಗ. ಭಾರತದ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ರಕ್ತರೋಗ) ರೋಗಿಗಳಲ್ಲಿ ಕಾಣುವ ಒಂದು ಮ್ಯುಟೇಶನ್‌ನಲ್ಲಿ 8 ಮತ್ತು 9ನೇ ಕೋಡಾನ್ ನಡುವೆ ಒಂದು ಜಿ ನುಗ್ಗಿರುತ್ತದೆ. ನಾನೂ ಪಟ್ಟಿ ಕತ್ತರಿಸಿ ಒಂದು ಹಸಿರು ಚೌಕ ಸೇರಿಸಿದೆ. ಯುಸಿಯು ಇದ್ದಲ್ಲಿ ಜಿಯುಸಿ ಬಂತು, ಜಿಸಿಸಿ ಇದ್ದಲ್ಲಿ ಯುಜಿಸಿ. 22ನೇ ಜಾಗಕ್ಕೆ ಬರುವಾಗ ಕಿಂಡಿಯಲ್ಲಿ ಯುಜಿಎ. ಮತ್ತೆ ಸ್ಟಾಪ್! ತಮಾಷೆ ನೋಡಿ, ಮೂಲ ಪಟ್ಟಿಯಲ್ಲೂ ಆ ಮೂರು ಅಕ್ಷರ ಸಾಲಾಗಿಯೇ ಇವೆ. ಆದರೆ ಅಲ್ಲಿ ಜಿಎಯು, ಜಿಎಎ ಎಂಬ ಎರಡು ಕೋಡಾನ್‌ಗಳಿಗೆ ಹಂಚಿಹೋಗಿ ಸುಮ್ನೆ ಕೂತಿವೆ. ರೈಬೋಸೋಮ್ ಪಾಪ, ಕೊಟ್ಟಿದ್ದನ್ನು ಓದುತ್ತದೆ ಅಷ್ಟೇ.

ಒಂದು ದೊಡ್ಡ ಕೊರತೆ ಉಳಿದಿದೆ. ಭಾರತದಲ್ಲಿ ಅತಿ ಹೆಚ್ಚು ಕಾಣುವ ಬೀಟಾ ಥಲಸ್ಸೀಮಿಯಾ ಮ್ಯುಟೇಶನ್ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಎಂಆರ್‌ಎನ್‌ಎ ತಯಾರಾಗುವಾಗ ಕತ್ತರಿಸಿ ತೆಗೆಯುವ ತುಂಡಿಗೆ ಇಂಟ್ರಾನ್ ಅನ್ನುತ್ತಾರೆ. ಈ ಮ್ಯುಟೇಶನ್ ಅಂದರೆ ಮೊದಲ ಇಂಟ್ರಾನ್‌ನ 5ನೇ ಅಕ್ಷರದಲ್ಲಿ ಜಿ ಹೋಗಿ ಸಿ ಬರುವುದು. ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಹಂತದಲ್ಲೇ ಎಡವಟ್ಟು. ಹಾಗಾದರೆ ಕಿಂಡಿಗೂ ಮೊದಲು ಒಂದು ಕತ್ತರಿ ಬೇಕು, ಅಲ್ವಾ? ಆ ಇಂಟ್ರಾನ್ 130 ಅಕ್ಷರ ಉದ್ದ. ಸದ್ಯ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೇನೆ. ಬಣ್ಣ ಬಿಸಿಲು ಬಂದ ಮೇಲೆ.