ಕಿತ್ತೂರಿನ ಲೆಕ್ಕ

ಬೆಂಗಳೂರಿನ ದೂರಸಂಪರ್ಕ ಪ್ರಯೋಗಾಲಯ ಬಿಟ್ಟು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿಗೆ ಬಂದ ಮೇಲೆ ನನ್ನನ್ನು ಹೆಚ್ಚು ಸತಾಯಿಸಿದ ಪಾಠ ಎರ್ಲಾಂಗ್ ಸೂತ್ರ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ ಅದನ್ನು 1917ರಲ್ಲಿ ಪ್ರಕಟಿಸಿದ. ಎಷ್ಟು ಮಾತುಕತೆಗೆ ಎಷ್ಟು ಲೈನ್ ಬೇಕು ಎಂಬ ಲೆಕ್ಕ ಅದು. ಮೊಬೈಲ್ ಹಿಡಿದೇ ಬೆಳೆದ ಮಕ್ಕಳಿಗೆ ಲೈನ್ ಸಿಗದ ಕಷ್ಟವೇ ಗೊತ್ತಿಲ್ಲ.

ಆ ಮಧ್ಯಾಹ್ನ ಡೆನ್ಮಾರ್ಕಿನ ಗೊಡವೆ ಬಿಟ್ಟು ಕಿತ್ತೂರಿನಿಂದ ಶುರು ಮಾಡಿದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಮೊದಲು ಚಾಲೂ ಆದದ್ದು ನಮ್ಮ ಜಿಲ್ಲೆಯ ಕಿತ್ತೂರಿನಲ್ಲೇ. 128 ಪೋರ್ಟುಗಳ, ಅಂದರೆ ಅಷ್ಟು ಲೈನು ಜೋಡಿಸಬಹುದಾದ ಯಂತ್ರ. ಎ.ಸಿ. ಕೋಣೆ ಕೇಳಬಾರದು, ಧೂಳು ಸೆಕೆ ತಾಳಿಕೊಳ್ಳಬೇಕು ಎಂಬ ಕರಾರಿನ ಮೇಲೇ ಅದರ ವಿನ್ಯಾಸ. ನನ್ನ ಮಟ್ಟಿಗೆ ಯಾವ ಸೂಪರ್‌ಕಂಪ್ಯೂಟರಿಗೂ ಕಡಿಮೆಯಿಲ್ಲದ ಸಾಧನೆ ಇದು. ಕಿತ್ತೂರೆಂದರೆ ಚೆನ್ನಮ್ಮನ ಕೋಟೆ ಎಂದಷ್ಟೇ ತಿಳಿದಿದ್ದ ತರಗತಿ ತಲೆಯೆತ್ತಿತು.

ಬೋರ್ಡಿನ ಮೇಲೆ ಒಂದು ಕಲ್ಪಿತ ಲೆಕ್ಕ ಹಾಕಿದೆ. 90 ಮನೆಗಳು, ಗಿಜಿಗುಡುವ ಒಂದು ಗಂಟೆಯಲ್ಲಿ ಮನೆಗೆ ನಾಲ್ಕು ನಿಮಿಷದಂತೆ ಪರಊರಿನ ಮಾತು. ಒಟ್ಟು 360 ನಿಮಿಷ, ಅಂದರೆ 6 ಎರ್ಲಾಂಗ್; ಒಂದು ಲೈನ್ ಇಡೀ ಗಂಟೆ ಮಾತಿನಲ್ಲೇ ತುಂಬಿದ್ದರೆ ಅದು ಒಂದು ಎರ್ಲಾಂಗ್. ಹಾಗಾದರೆ ಹೊರಹೋಗುವ ಟ್ರಂಕ್ ಲೈನುಗಳು ಆರು ಸಾಕೇ? ಸಾಕು ಎಂದರು ಎಲ್ಲರೂ. ಸೂತ್ರ ಒಪ್ಪುವುದಿಲ್ಲ: ಆರೇ ಇದ್ದರೆ ನೂರಕ್ಕೆ 26 ಕರೆಗಳು ಸೋಲುತ್ತವೆ, ಹನ್ನೆರಡಾದರೆ ಸುಮಾರು ಒಂದು. ಕರೆಗಳು ಸರದಿಯಲ್ಲಿ ಬರುವುದಿಲ್ಲವಲ್ಲ!

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ‘ಸರ್, ಲೈನ್ ಸಿಗದಿದ್ದವರು ಸುಮ್ಮನೆ ಹೋಗಿಬಿಡುತ್ತಾರೆ ಎಂದು ಸೂತ್ರ ಹೇಳುತ್ತದೆ. ನಮ್ಮ ಅಜ್ಜ ಸಿಗುವ ತನಕ ಡಯಲ್ ತಿರುಗಿಸುತ್ತಲೇ ಇದ್ದರಂತೆ.’

ತರಗತಿ ನಕ್ಕಿತು. ಅವಳು ಕೈಯಿಟ್ಟದ್ದು ಮಾತ್ರ ಸೂತ್ರದ ಮರ್ಮಸ್ಥಾನಕ್ಕೆ. ಸೋತ ಕರೆ ಮಾಯವಾಗುತ್ತದೆ ಎಂದು ಎರ್ಲಾಂಗ್ ಎಣಿಸಿದ್ದ. ಅಜ್ಜನಂಥವರು ಬಿಡದೆ ತಿರುಗಿಸಿದರೆ ಸೋತ ಕರೆಗಳೇ ಹೊಸ ಹೊರೆಯಾಗುತ್ತವೆ. ಆರು ಎರ್ಲಾಂಗಿಗೆ ಆರೇ ಲೈನ್ ಇದ್ದು ಎಲ್ಲರೂ ಹಟ ಹಿಡಿದರೆ ಕಾಯುವವರ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ, ಒಂದು ನೆಲೆಗೆ ನಿಲ್ಲುವುದಿಲ್ಲ.

‘ಅಜ್ಜನನ್ನು ಪ್ರೋಗ್ರಾಮಿನಲ್ಲಿ ಬರೆಯಮ್ಮ’ ಎಂದೆ. ಮರುವಾರ ಅವಳು ತಂದ ಸಿಮ್ಯುಲೇಶನ್ನಿನಲ್ಲಿ ಅಜ್ಜನ ತಾಳ್ಮೆಗೇ ಒಂದು ವೇರಿಯಬಲ್ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಅರ್ಧ ತರಗತಿ ಅದನ್ನು ಬರೆದುಕೊಳ್ಳಲಿಲ್ಲ. ಉಳಿದರ್ಧ ಅಕ್ಟೋಬರಿನ ಕಿತ್ತೂರು ಉತ್ಸವದ ಜನಜಂಗುಳಿಗೆ ಮೊಬೈಲ್ ಟವರ್ ಏನಾಗುತ್ತದೆಂದು ಜಗಳಕ್ಕೆ ಬಿದ್ದಿತ್ತು.