ಮುಂಬೈಗಿ ಹೋದ್ರ ಒಂದು ಮುಂಜಾನಿ ಕಾನ್ಹೇರಿ ಗುಹೆಗಳಿಗಿ ಇಡ್ರಿ

ಮುಂಬೈ ಟ್ರಿಪ್ ಅಂದ್ರ ಎಲ್ಲರ ಪ್ಲಾನೂ ಒಂದೇ ಇರ್ತದ. ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ, ಸಿದ್ಧಿವಿನಾಯಕ, ಜುಹು, ಟೈಮ್ ಸಿಕ್ರ ಗೇಟ್‌ವೇದಿಂದ ದೋಣಿ ಹತ್ತಿ ಎಲಿಫೆಂಟಾ ಗುಹೆ. ಕಲಬುರಗಿಯೊಳಗ ನಮಗ ಟ್ಯಾಕ್ಸಿ, ಹೋಟೆಲ್ ಎಲ್ಲಾ ಬುಕ್ ಮಾಡಿಕೊಟ್ಟ ಟೂರ್ ಏಜೆಂಟನ ಚೀಟ್ಯಾಗೂ ಇವೇ ಇದ್ದವು, ಮತ್ತ ಆ ಮನಷ್ಯಾ ಎಲಿಫೆಂಟಾಕ್ಕ ಇಟ್ಟಿದ್ದು ಸೋಮವಾರ. ಸೋಮವಾರ ಎಲಿಫೆಂಟಾ ಬಂದ್ ಇರ್ತದ್ರಿ! ನಸುಕಿನ್ಯಾಗ ಮಕ್ಕಳನ್ನ ಎಬ್ಬಿಸಿ, ತಯಾರ್ ಮಾಡಿ, ಗೇಟ್‌ವೇ ಮುಟ್ಟಿದ ಮ್ಯಾಲ ಅಲ್ಲಿದ್ದವರು ಹೇಳಿದ್ರು. ಏಜೆಂಟಗ ಫೋನ್ ಹಚ್ಚಿದ್ರ "ಬ್ಯಾರೆ ಏನರೆ ನೋಡ್ಕೊರಿ ಸರ್" ಅಂದ, ಗೈಡ್ ಸಲುವಾಗಿ ತಗೊಂಡ ಅಡ್ವಾನ್ಸ್ ಇವತ್ತಿನ ತನಕ ವಾಪಸ್ ಕೊಟ್ಟಿಲ್ಲ. ಟೂರ್ ಮಾಡಿಸೋದೇ ದಂಧೆ ಇದ್ದವರಿಗಿ ಇಷ್ಟೂ ಗೊತ್ತಿರಬಾರದಾ? ನೀವು ಹೋಗೋದಿದ್ರ ಬರ್ದಿಟ್ಕೊರಿ, ಎಲಿಫೆಂಟಾ ಸೋಮವಾರ ಇಲ್ಲ, ಕಾನ್ಹೇರಿನೂ ಸೋಮವಾರ ಇಲ್ಲ.

ಆ ದಿನ ಮಾಟುಂಗಾದಾಗ ಬಾಳಿ ಎಲಿ ಮ್ಯಾಲ ಉಡುಪಿ ಊಟ ಮಾಡ್ಕೋತ ಕೂತಾಗ ಕಾಕಾ ಅಂದ್ರು, "ನಾಳೆ ಒಂದೇ ದಿನ ಉಳದದ, ಎಲಿಫೆಂಟಾ ಇನ್ನೊಮ್ಮೆ ನೋಡಿದ್ರಾಯ್ತು, ಕಾನ್ಹೇರಿಗಿ ಹೋಗೋಣ ನಡಿ." ಕಾಕಾ ಹೈಸ್ಕೂಲಿನ್ಯಾಗ ಇತಿಹಾಸ ಹೇಳಿ ರಿಟೈರ್ ಆದವರು. ಅಲ್ಲೇನದ ಅಂತ ಕೇಳಿದ್ರ "ನಮ್ಮ ಮಳಖೇಡದವರು ಅದಾರ" ಅಂದ್ರು, ಮುಂದ ಏನೂ ಹೇಳ್ಲಿಲ್ಲ.

ಬೋರಿವಲಿ ಸ್ಟೇಷನ್ನಿಗಿ ಲೋಕಲ್, ಅಲ್ಲಿಂದ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನ ಗೇಟ್ ಹತ್ರಾನೇ ಅದ. ಗೇಟಿನಿಂದ ಗುಹೆಗಳು ಆರೇಳು ಕಿಲೋಮೀಟರ್ ಒಳಗ, ಬಸ್ ಬಿಡ್ತಾರ. ಪಾರ್ಕಿಗಿ ಒಂದು ಟಿಕೆಟ್, ಗುಹೆಗಿ ಬ್ಯಾರೆ ಟಿಕೆಟ್. ಅಷ್ಟು ದೊಡ್ಡ ಊರಿನ ಒಳಗೇ ಅಷ್ಟು ದೊಡ್ಡ ಕಾಡು ಅಂದ್ರ ನಾ ನಂಬಿರಲಿಲ್ಲ, ಬಸ್ ಎರಡು ತಿರುವು ತಿರುಗಿದ ಮ್ಯಾಲ ಹಾರ್ನ್ ಸಪ್ಪಳಾನೇ ನಿಂತು ಹೋಯ್ತು.

ನೂರಕ್ಕಿಂತ ಹೆಚ್ಚು ಗುಹೆ ಅವ, ಎಲ್ಲಾ ಕರಿ ಬಸಾಲ್ಟ್ ಕಲ್ಲಿನ್ಯಾಗ ಕೊರದದ್ದು, ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಇದ್ದ ಜಾಗ. ಎಲ್ಲರೂ ಮೂರನೇ ನಂಬರಿನ ಚೈತ್ಯದ (ಬೌದ್ಧರ ಪ್ರಾರ್ಥನಾ ಮಂದಿರ) ಮುಂದ ನಿಂತು, ಆ ಎತ್ತರದ ಬುದ್ಧನ ಜೋಡಿ ಫೋಟೋ ತಗೊಂಡು ಹೊಳ್ಳಿ ಹೋಗ್ತಾರ. ಚೈತ್ಯ ಛಂದದ, ಖರೇ. ಆದ್ರ ನನ್ನ ಮನಸ್ಸು ಹಿಡದದ್ದು ನೀರು. ಗುಹೆಗಳ ಮುಂದಿನ ಅಂಗಳದಾಗ ಒಂದು ಮಗ್ಗಲಕ ನೆಲದೊಳಗೇ ಕಡದ ತೊಟ್ಟಿ, ಮ್ಯಾಲಿನ ಬಂಡಿಗಲ್ಲಿನ ಮ್ಯಾಲೆಲ್ಲಾ ಸಣ್ಣ ಸಣ್ಣ ಕಾಲುವಿ ಕೆತ್ಯಾರ, ಮಳಿ ನೀರು ಗುಡ್ಡದಿಂದ ಇಳದು ಆ ಕಾಲುವಿ ಹಿಡಕೊಂಡು ತೊಟ್ಟಿಗಿ ಬಂದು ಬೀಳಬೇಕು. ಒಂದು ತೊಟ್ಟಿ ಹತ್ರ ಅಲ್ಲಿನ ಕಾವಲಿನವರನ್ನ ಕಾಕಾ ಹಿಂದಿಯೊಳಗ ಕೇಳಿದ್ರು, ಬ್ಯಾಸಗಿಯೊಳಗ ಒಣಗ್ತದೇನು? "ಕೆಲವು ಒಣಗ್ತಾವ ಸಾಬ್, ಕೆಲವು ಮೇ ತಿಂಗಳದಾಗೂ ತುಂಬಿರ್ತಾವ" ಅಂದ್ರು ಅವರು. ನಾವು ಕಲಬುರಗಿಯವರು, ಏಪ್ರಿಲ್ ಬಂತಂದ್ರ ಟ್ಯಾಂಕರ್ ದಾರಿ ನೋಡೋರು. ಪಂಪಿಲ್ಲ, ಪೈಪಿಲ್ಲ, ಬರೀ ಉಳಿ ಸುತ್ತಿಗಿ ಹಿಡದು ಒಂದು ಇಡೀ ಗುಡ್ಡಕ್ಕ ನೀರಿನ ವ್ಯವಸ್ಥಾ ಮಾಡ್ಯಾರ, ನಾ ಆ ತೊಟ್ಟಿ ದಂಡಿಗಿ ಭಾಳ ಹೊತ್ತು ಕೂತಿದ್ದೆ.

ಆಮ್ಯಾಲ ಹನ್ನೊಂದನೇ ಗುಹೆ, ದರ್ಬಾರ್ ಹಾಲ್ ಅಂತಾರ. ಒಳಗ ಉದ್ದಕ್ಕ ಎರಡು ಗಿಡ್ಡ ಕಲ್ಲಿನ ಬೆಂಚು, ಕೊನಿಗಿ ಗರ್ಭಗುಡಿಯೊಳಗ ಬುದ್ಧ. ಕಾಕಾ ಶಾಸನ ಅದ ಅಂತ ತೋರಿಸಿದ್ರು.

"ಇದು ನೋಡು, ಶಕ 775, ಅಂದ್ರ ಕ್ರಿ.ಶ. 853. ಯಾರ ಆಳ್ವಿಕಿ ಗೊತ್ತದೇನು?"

"ಯಾರದ್ರಿ?"

"ಅಮೋಘವರ್ಷ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರಿ, ನಮ್ಮ ಅಮೋಘವರ್ಷ ನೃಪತುಂಗ. ಇಲ್ಲಿ ಕೊಂಕಣ ನೋಡ್ಕೊಳ್ಳೋ ಶಿಲಾಹಾರ ವಂಶದ ಕಪರ್ದಿ ಅವನ ಸಾಮಂತ."

"ರಾಜ ಮಳಖೇಡದಾಗ ಕೂತು ಇಲ್ಲೇನು ಮಾಡಿದ್ರು?"

"ರಾಜ ಕೊಟ್ಟದ್ದಲ್ಲೋ, ಅವನ ಕಾಲದಾಗ ಭಕ್ತರು ಕೊಟ್ಟ ದಾನ. ಏನಕ್ಕ ಕೊಟ್ಟಾರ ಕೇಳು. ಮುರದದ್ದು ರಿಪೇರಿ ಮಾಡ್ಲಿಕ್ಕ, ಮತ್ತ ಪುಸ್ತಕ ಕೊಳ್ಳಲಿಕ್ಕ."

ಪುಸ್ತಕಕ್ಕ! ನನಗ ಮೈ ಜುಮ್ಮಂತು. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡಿ ಮ್ಯಾಲಿನ ಆ ಬಿದ್ದ ಕ್ವಾಟಿ ನಾನು ಸಣ್ಣಂದಿನಿಂದ ಬಸ್ಸಿನ್ಯಾಗ ಹೋಗ್ತಾ ಬರ್ತಾ ನೋಡೀನಿ, ಸಿಮೆಂಟ್ ಫ್ಯಾಕ್ಟರಿ ಊರು ಅಂತ್ಲೇ ನಮಗ ಗೊತ್ತು. ಅಲ್ಲಿನ ರಾಜನ ಹೆಸರು ಮುಂಬೈ ಕಾಡಿನ ಗುಹೆದಾಗ, ಬೌದ್ಧ ಭಿಕ್ಷುಗಳ ಪುಸ್ತಕದ ಖರ್ಚಿನ ಲೆಕ್ಕದ ಜೋಡಿ. ಅವನಿಗಿ ಜೈನ ಧರ್ಮದ ಮ್ಯಾಲ ಒಲವು, ಇವರು ಬೌದ್ಧರು, ಆದ್ರೂ ಅವನ ರಾಜ್ಯದಾಗ ಈ ಮಠ ನಡೀತು. ಕಾಕಾ ಎಪ್ಪತ್ತು ದಾಟಿದವರು, ಅಷ್ಟು ಮೆಟ್ಲು ಏರಿ ಬಂದು ಆ ಕಲ್ಲಿನ ಮುಂದ ಕನ್ನಡಕ ತೆಗೆದು ಕಣ್ಣು ಒರಸಿಕೊಂಡ್ರು. "ಮೂವತ್ತು ವರ್ಷ ಹುಡುಗರಿಗಿ ಹೇಳೀನಿ, ಕಣ್ಣಿಲೆ ನೋಡಿದ್ದು ಇವತ್ತೇ" ಅಂದ್ರು.

ಉಳಿದ ಮುಂಬೈ ಬಗ್ಗೆ ಹೆಚ್ಚು ಹೇಳೋದಿಲ್ಲ. ಜುಹು ನನಗ ಸೇರಲಿಲ್ಲ, ಬರೇ ಗದ್ದಲ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಮಾತ್ರ ರಾತ್ರಿ ಲೈಟಿನ್ಯಾಗ ನೋಡಲೇಬೇಕು. ಆಟೋ ನಂಬಿಕೊಂಡು ಪ್ಲಾನ್ ಮಾಡಬ್ಯಾಡ್ರಿ, ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕ ಆಟೋ ಬಿಡಂಗಿಲ್ಲ, ಟ್ಯಾಕ್ಸಿನೇ ಹಿಡೀಬೇಕು. ಭಾನುವಾರ ಲೋಕಲ್ ಟ್ರೇನಿಗಿ ಮೆಗಾ ಬ್ಲಾಕ್ (ಹಳಿ ರಿಪೇರಿಗಿ ಕೆಲವು ಟ್ರೇನ್ ನಿಲ್ಲಿಸೋದು) ಇರ್ತದ, ಹೊಂಡೋಕಿಂತ ಮೊದ್ಲು ವಿಚಾರಿಸ್ರಿ. ಕಾನ್ಹೇರಿಗಿ ನೀರು, ಬುತ್ತಿ ಒಯ್ರಿ, ಆದ್ರ ಬುತ್ತಿ ಚೀಲ ಕೈಯಾಗ ತೂಗ್ಯಾಡಿಸಬ್ಯಾಡ್ರಿ, ಮಂಗ್ಯಾ ಭಾಳ ಅವ. ಮುಂಜಾನಿನೇ ಹೋಗ್ರಿ, ಮಧ್ಯಾಹ್ನ ಕರಿ ಕಲ್ಲು ಕಾಲು ಸುಡ್ತದ, ಮತ್ತ ಮೂರನೇ ಗುಹೆಯಿಂದಲೇ ಹೊಳ್ಳಿ ಬರಬ್ಯಾಡ್ರಿ, ಹನ್ನೊಂದರ ತನಕ ನಡೀರಿ.